ಇಟ್ಟಿಗೆ ಇದ್ದ ಜಾಗ

ಮಾರ್ಚ್ 3, ಸೋಮವಾರ

ಮಾತು ಕಡಿಮೆ ಮಾಡಿ ಎಂದಿದ್ದಾರೆ ಗಂಟಲಿನ ಡಾಕ್ಟರು. ಮಾತಾಡದಿದ್ದರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ. ಅದಕ್ಕೇ ಈ ನೋಟ್‌ಬುಕ್ಕು. ಇವರೇ ತಂದುಕೊಟ್ಟು, "ಇದರ ಹತ್ರ ಜಗಳ ಆಡ್ಕೋ, ನನಗೂ ಸ್ವಲ್ಪ ರಜಾ ಸಿಗ್ಲಿ" ಎಂದರು. ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ಗಂಡನ ಹಾಸ್ಯ ಒಂದಿಂಚು ಮುಂದೆ ಹೋಗಿಲ್ಲ.

ಗಂಟಲಲ್ಲಿ ಗಂಟಂತೆ. ಸಾಸಿವೆಯಷ್ಟು. ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಗಟ್ಟಿಯಾಗಿ ಓದುವಂತಿಲ್ಲ. ಕಣ್ಣು ಕಾಣದವರ ಗ್ರಂಥಾಲಯದಲ್ಲಿ ಹದಿನೇಳು ವರ್ಷದಿಂದ ಪುಸ್ತಕ ಓದಿ ರೆಕಾರ್ಡ್ ಮಾಡುವವಳಿಗೆ ಇದನ್ನು ಹೇಳುವುದೂ ಒಂದೇ, ಗಂಟುಮೂಟೆ ಕಟ್ಟು ಎನ್ನುವುದೂ ಒಂದೇ.

ಇವತ್ತು ಕಂಪ್ಯೂಟರೂ ಕೈ ಎತ್ತಿತು. ಡಿಸ್ಕ್ ಭರ್ತಿ, ಒಂದು ಸಾಲು ರೆಕಾರ್ಡ್ ಮಾಡಲೂ ಜಾಗವಿಲ್ಲ. ಮೇಡಂ ಬಂದು ನೋಡಿ, "ಹೊಸ ಡಿಸ್ಕ್ ಏನಿದ್ರೂ ಮುಂದಿನ ವರ್ಷಾನೇ. ಈ ತಿಂಗಳಲ್ಲಿ ನೂರು ಜಿಬಿ ಖಾಲಿ ಮಾಡ್ಬೇಕು. ನಿಮಗೆ ಹೇಗೂ ಓದೋದು ಕಮ್ಮಿಯಲ್ವಾ, ನೀವೇ ಮಾಡಿ" ಎಂದರು. ಹೇಗೂ ಅಂತೆ!

ನಾನು ಹೊರಗೆ ಕೂತು ಕಸ ಗುಡಿಸಬೇಕು. ಗಾಜಿನ ಕೋಣೆಯೊಳಗೆ ಮೈಕಿನ ಮುಂದೆ ದಿನವಿಡೀ ಜೇನು. ಆ ಹುಡುಗಿ ಬಂದು ಎರಡು ವರ್ಷ. ಬಂದ ವಾರವೇ ಯಾರೋ ಜೇನುಗಂಟಲು ಎಂದರು, ಈಗ ಎಲ್ಲರಿಗೂ ಅವಳು ಜೇನು. ನನಗೆ ಹದಿನೇಳು ವರ್ಷದಲ್ಲಿ ಯಾರೂ ಒಂದು ಅಡ್ಡಹೆಸರೂ ಇಡಲಿಲ್ಲ.

ಮಾರ್ಚ್ 5, ಬುಧವಾರ

ಡಿಸ್ಕಿನಲ್ಲಿ ಯಾರದು ಎಷ್ಟಿದೆ ಎಂದು ಬಣ್ಣದ ಚೌಕಗಳಲ್ಲಿ ತೋರಿಸುವ ಒಂದು ಪ್ರೋಗ್ರಾಂ ಇದೆ. ನೋಡಬಾರದಿತ್ತು. ಅವಳ ಚೌಕ ಹಳದಿ, ಅರ್ಧ ಪರದೆ ತುಂಬ. ನನ್ನದು ಮೂಲೆಯಲ್ಲಿ ಬೂದು ಬಣ್ಣ. ಬಣ್ಣ ಆರಿಸಿದ್ದು ಕಂಪ್ಯೂಟರೇ, ಆದರೂ ಉರಿಯಿತು.

ನಮ್ಮಲ್ಲಿ ರೆಕಾರ್ಡಿಂಗ್ ಎರಡು ಥರ. ತಪ್ಪು, ಕೆಮ್ಮು, ಮತ್ತೆ ಓದಿದ್ದು ಎಲ್ಲ ಇರುವುದು ಹಸಿ. ಅದನ್ನು ಕತ್ತರಿಸಿ ಜೋಡಿಸಿ ಸಿದ್ಧ ಮಾಡಿದ್ದು ಬೆಂದದ್ದು. ಬೆಂದದ್ದನ್ನು ಇಟ್ಟುಕೊಂಡು ಹಸಿಯನ್ನೆಲ್ಲ ಅಳಿಸಬೇಕು, ಇನ್ನು ಮುಂದೆ ಆಯಾ ದಿನದ ಹಸಿ ಆಯಾ ದಿನವೇ ಹೋಗಬೇಕು. ನಿಯಮ ನನ್ನದೇ.

ಈ ಹಳೇ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಮೂಡುವುದಿಲ್ಲ, ಹೆಸರೆಲ್ಲ ಇಂಗ್ಲಿಷ್ ಅಕ್ಷರದಲ್ಲೇ. ಮಧ್ಯಾಹ್ನ ಜೇನು ಹಿಂದಿನಿಂದ ಇಣುಕಿ, "ಅಕ್ಕಾ, ಇದರ ಮೇಲೆ ಬೇಡ ಅಂತಾನೇ ಬರೆದಿದೆಯಲ್ಲ, ಅಳಿಸ್ಬಿಡ್ಲಾ?" ಎಂದಳು. ನೋಡಿದರೆ ಅದು ಮಕ್ಕಳ ಕಥೆ, ಬೇಡ ಮತ್ತು ಜಿಂಕೆ! ಬೇಟೆ ಆಡುವ ಬೇಡ ಕಣಮ್ಮಾ, ಬೇಕು ಬೇಡದ ಬೇಡ ಅಲ್ಲ ಎಂದು ಮೇಡಂ ಕಿವಿಗೂ ಬೀಳುವಂತೆ ಹೇಳಿದೆ. "ಹೆಸರು ನೋಡಿ ಅಳಿಸೋದಲ್ಲ, ಒಳಗೇನಿದೆ ನೋಡ್ಬೇಕು." ಇಡೀ ಆಫೀಸು ನಕ್ಕಿತು. ಡಾಕ್ಟರು ಬೇಡವೆಂದಷ್ಟು ಮಾತಾಡಿದ್ದೇನೆ ಇವತ್ತು, ಆದರೂ ಗಂಟಲು ಹಗುರವಾಗಿದೆ.

ಮಾರ್ಚ್ 7, ಶುಕ್ರವಾರ

ಮೇಷ್ಟ್ರು ಬಂದಿದ್ದರು. ಎಂಬತ್ತರ ಹತ್ತಿರದವರು, ಲೆಕ್ಕದ ಮೇಷ್ಟ್ರಾಗಿದ್ದವರು, ಕಣ್ಣು ಹೋಗಿ ಹತ್ತು ವರ್ಷ. ನನ್ನ ಇಟ್ಟಿಗೆ ಇದ್ದ ಮೆಮೊರಿ ಕಾರ್ಡನ್ನು ಮೂರು ವರ್ಷದಿಂದ ವಾಪಸ್ ಮಾಡಿರಲಿಲ್ಲ. ನಾನೇ ಫೋನ್ ಮಾಡಿ ಮಾಡಿ ತರಿಸಿದ್ದು.

ಇಟ್ಟಿಗೆ ಎಂದರೆ ಆ ಮೂರು ಸಂಪುಟದ ಕಾದಂಬರಿ. ಹೊಳೆ ದಾಟಿಸುವ ದೋಣಿಯವರ ಮನೆತನದ ಕಥೆ, ಕೈಯಲ್ಲಿ ಹಿಡಿದರೆ ನಿಜಕ್ಕೂ ಇಟ್ಟಿಗೆ. ಮೂವತ್ತೆಂಟು ಅಧ್ಯಾಯ, ನಲವತ್ತೈದು ಗಂಟೆ, ಹದಿನಾಲ್ಕು ತಿಂಗಳು ಓದಿದ್ದೆ. ನಾನು ಮಾಡಿದ್ದರಲ್ಲಿ ಅದೊಂದೇ ನನಗೆ ಸಮಾಧಾನ ಕೊಟ್ಟದ್ದು. ಕೊನೆಯಲ್ಲಿ "ಇಲ್ಲಿಗೆ ಈ ಪುಸ್ತಕ ಮುಗಿಯಿತು, ಓದಿದವರು" ಎಂದು ನಿಲ್ಲಿಸಿ, ಸ್ವರ ಒಂದಿಷ್ಟು ಇಳಿಸಿ, ನನ್ನ ಹೆಸರು ಹೇಳಿದ್ದೇನೆ. ಈಗ ಅಂಥದ್ದು ಇನ್ನೊಂದು ಓದಲಾರೆ.

ಕಾರ್ಡನ್ನು ಅಳಿಸಿ, "ಈ ಸಲ ಏನು ಹಾಕ್ಲಿ ಮೇಷ್ಟ್ರೇ?" ಎಂದೆ. "ಅದ್ಯಾರೋ ಹೊಸ ಹುಡುಗಿ ಓದ್ತಾಳಂತಲ್ಲ ತಾಯಿ, ಜೇನು ಅಂತ. ಅವಳದ್ದೇ ಹಾಕಿ." ನನ್ನ ಮುಖ ಅವರಿಗೆ ಕಾಣದ್ದು ಒಳ್ಳೆಯದಾಯಿತು. "ಇಟ್ಟಿಗೆ ಸಾಕಾಯ್ತಾ?" ಎಂದು ಕೇಳಿಯೇ ಬಿಟ್ಟೆ. ನಕ್ಕರು. "ಅದೆಲ್ಲಿ ಓಡಿ ಹೋಗುತ್ತೆ? ಬೇಕಾದಾಗ ಕೇಳ್ತೀನಿ."

ಹನ್ನೊಂದು ಪುಸ್ತಕ ಹಾಕಿಕೊಟ್ಟೆ. ಎಲ್ಲ ಜೇನಿನದೇ. ಸಕ್ಕರೆ ಕಾಯಿಲೆ ಬರಲಿ ಕಿವಿಗೆ.

ಮಾರ್ಚ್ 10, ಸೋಮವಾರ

ಐವತ್ತೆಂಟು ಜಿಬಿ ಆಯಿತು. ನನ್ನ ಹಸಿ ಎಲ್ಲ ಹೋಯಿತು. ಅಳಿಸುವ ಮುಂಚೆ ಒಂದನ್ನೂ ಕೇಳಲಿಲ್ಲ.

ಮಾರ್ಚ್ 13, ಗುರುವಾರ

ಇವತ್ತಿನದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ, ಓದುವವರು ಯಾರೂ ಇಲ್ಲವಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ಜೇನಿನ ಹಳದಿ ಚೌಕದೊಳಗೆ ಒಂದು ದೊಡ್ಡ ಫೋಲ್ಡರ್ ಸಿಕ್ಕಿತು. ಹೆಸರು ನಾಲ್ಕೇ ಇಂಗ್ಲಿಷ್ ಅಕ್ಷರ: kali. ಖಾಲಿ! ಖಾಲಿ ಎಂದು ಹೆಸರು, ಒಳಗೆ ನಲವತ್ತೊಂದು ಜಿಬಿ. ಖಾಲಿ ಮಾಡಬೇಕಾದ ಸಾಮಾನು ಇಟ್ಟುಕೊಂಡಿದ್ದಾಳೆ ಎಂದುಕೊಂಡೆ. ನಾನೇ ಹೇಳಿದ್ದೆನಲ್ಲ, ಒಳಗೇನಿದೆ ನೋಡಬೇಕು ಎಂದು. ಮೇಲಿನದೊಂದು ಫೈಲ್ ತೆರೆದೆ.

"ಹೊಳೆ... ಹೊಳೆ... ಹೊಳೆ ಹರಿಯುತ್ತಿತ್ತು." ಅವಳ ಧ್ವನಿ. ಆಮೇಲೆ ಉದ್ದಕ್ಕೆ ಮೌನ, ಮುಂದಿನದು ಮರೆತುಹೋದವಳ ಹಾಗೆ. ಆಮೇಲೆ, "ಹಾಯಿಗೆ ಹೊಸ ಹಗ್ಗ ಕಟ್ಟಿದ್ದರು."

ಇಟ್ಟಿಗೆ! ನನ್ನ ಇಟ್ಟಿಗೆಯ ಮೊದಲ ಸಾಲು! ಕದ್ದುಮುಚ್ಚಿ ಓದುತ್ತಿದ್ದಾಳೆ. ಎಂದಿನಿಂದಲೋ ಏನೋ. ಒಂದು ಪುಸ್ತಕಕ್ಕೆ ಒಂದೇ ರೆಕಾರ್ಡಿಂಗ್ ಇಡಬೇಕೆಂದು ಮೇಡಂ ಹೇಳುವ ದಿನಕ್ಕೆ ಸಿದ್ಧ ಮಾಡಿಟ್ಟುಕೊಂಡಿದ್ದಾಳೆ. ನನ್ನ ಗಂಟಲು ಕೈಕೊಟ್ಟದ್ದು ಸಾಲದೆಂದು, ಗಂಟಲು ಚೆನ್ನಾಗಿದ್ದಾಗ ಓದಿದ್ದಕ್ಕೂ ಕೈ ಹಾಕಿದಳೇ! ಮೈಯೆಲ್ಲ ಉರಿದುಹೋಯಿತು. ಮುಂದೆ ಏನೂ ನೋಡಲಿಲ್ಲ. ಡಿಲೀಟ್ ಒತ್ತಿದೆ. ಇದು ಕಸದಬುಟ್ಟಿಗೆ ಹಿಡಿಸುವುದಿಲ್ಲ, ಶಾಶ್ವತವಾಗಿ ಅಳಿಸಲೇ ಎಂದು ಕೇಳಿತು ಕಂಪ್ಯೂಟರು. ಹೌದು ಎಂದೆ.

ಆರು ನಿಮಿಷ ಹಿಡಿಯಿತು. ಹಸಿರು ಪಟ್ಟಿ ತುಂಬುವವರೆಗೂ ನೋಡುತ್ತಲೇ ಇದ್ದೆ.

ಯಾರಾದರೂ ಕೇಳಿದರೆ, ಖಾಲಿ ಎಂದು ಅವಳೇ ಬರೆದಿದ್ದಳಲ್ಲ.

ಮಾರ್ಚ್ 14, ಶುಕ್ರವಾರ

ಅವಳು ಏನೂ ಕೇಳಲಿಲ್ಲ. ಟೀ ಹೊತ್ತಿನಲ್ಲಿ ಕಂಪ್ಯೂಟರಿನಲ್ಲಿ ಏನೋ ಹುಡುಕಿದಳು, ಮುಖ ಚಿಕ್ಕದಾಯಿತು, ಎದ್ದು ಹೋದಳು. ನಾನು ಬಿಸಿನೀರು ಕುಡಿಯುತ್ತಾ ಗೋಡೆ ನೋಡುತ್ತಿದ್ದೆ.

ಊಟ ಸೇರಲಿಲ್ಲ. ಔಷಧಿಯಿಂದ ಇರಬೇಕು.

ಮಾರ್ಚ್ 20, ಗುರುವಾರ

ನೂರಾನಾಲ್ಕು ಜಿಬಿ. ಮೇಡಂ ಎಲ್ಲರೆದುರು ಚಪ್ಪಾಳೆ ಹೊಡೆಸಿದರು. ಜೇನೂ ಹೊಡೆದಳು. ಖಾಲಿಯಾದ ಜಾಗದಲ್ಲಿ ಈಗಾಗಲೇ ಅವಳ ಎರಡು ಹೊಸ ಪುಸ್ತಕ ಬಂದು ಕೂತಿವೆ.

ಮಾರ್ಚ್ 25, ಮಂಗಳವಾರ

ಬೆಳಿಗ್ಗೆ ಮೇಷ್ಟ್ರ ಫೋನು. "ಜೇನು ಜಾಸ್ತಿಯಾದ್ರೆ ಬಾಯಿ ಕಟ್ಟುತ್ತೆ ತಾಯಿ. ಆ ಹುಡುಗಿ ಹಾಲು ಅನ್ನೋಕೆ ಆಲು ಅಂತಾಳೆ, ಹಕ್ಕಿ ಹಾರಿತು ಅನ್ನೋ ಕಡೆ ಅಕ್ಕಿ ಹಾರಿಸ್ತಾಳೆ. ಹಳೇ ಪುಸ್ತಕಗಳಲ್ಲಂತೂ ತೀರಾ. ನನಗೆ ಇಟ್ಟಿಗೇನೇ ಹಾಕಿ ಕಳಿಸಿ."

ಅಬ್ಬಾ! ಇಂಥದ್ದೊಂದು ಮಾತು ಕೇಳಿ ಎಷ್ಟು ದಿನವಾಗಿತ್ತು! ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೊಸ ಕಾರ್ಡ್ ತೆಗೆದು, ಬೆಂದದ್ದು ಎಂಬ ಫೋಲ್ಡರ್ ತೆರೆದು, ಇಟ್ಟಿಗೆ ಹುಡುಕಿದೆ.

ಇಲ್ಲ.

ಮೂರು ಸಲ ಹುಡುಕಿದೆ. ಬೇರೆ ಬೇರೆ ಹೆಸರು ಕೊಟ್ಟು ಹುಡುಕಿದೆ. ನನ್ನ ಉಳಿದ ಪುಸ್ತಕಗಳೆಲ್ಲ ಸಾಲಾಗಿ ಇವೆ. ಅದೊಂದೇ ಇಲ್ಲ.

ಮಾರ್ಚ್ 26, ಬುಧವಾರ

ಮೇಡಂ ಎಲ್ಲರನ್ನೂ ಕರೆಸಿ ಕೇಳಿದರು. ಜೇನು ನಿಂತಲ್ಲೇ ಅತ್ತುಬಿಟ್ಟಳು.

"ಅಕ್ಕನ ಇಟ್ಟಿಗೆ ನಾನು ನನ್ನ ಫೋಲ್ಡರಿಗೆ ಎಳ್ಕೊಂಡಿದ್ದೆ ಮೇಡಂ. ಒಂದು ಕಾಪಿ ಬಂದಿದೆ ಅಂದ್ಕೊಂಡಿದ್ದೆ. ಎಳೆದ್ರೆ ಕಾಪಿ ಆಗಲ್ವಂತೆ, ಇದ್ದದ್ದೇ ಜಾಗ ಬದಲಾಯಿಸುತ್ತಂತೆ. ನನಗೆ ಗೊತ್ತಿರ್ಲಿಲ್ಲ. ಈಗ ಆ ಫೋಲ್ಡರೇ ಇಲ್ಲ. ಏನು ಒತ್ತಿಬಿಟ್ನೋ ಏನೋ."

"ಅವರ ಪುಸ್ತಕ ನಿನಗ್ಯಾಕೆ ಬೇಕಿತ್ತು?" ಎಂದರು ಮೇಡಂ.

"ಕಲಿಯೋಕೆ. ನನಗೆ ಹಕಾರ ಬರಲ್ಲ ಅಂತ ಎಲ್ರೂ ನಗ್ತಾರೆ. ಇಟ್ಟಿಗೆ ತುಂಬ ಹಕಾರಾನೇ, ಹೊಳೆ, ಹಾಯಿ, ಹುಟ್ಟು, ಹಗ್ಗ. ಹೆಡ್‌ಫೋನಲ್ಲಿ ಅಕ್ಕ ಒಂದು ಸಾಲು ಓದ್ತಾರೆ, ಅದನ್ನ ಕೇಳಿ ನಾನೊಂದು ಸಾಲು ಓದ್ತೀನಿ. ಎಂಟು ತಿಂಗಳಿಂದ. ಕಲಿ ಅಂತಾನೇ ಹೆಸರಿಟ್ಟಿದ್ದೆ ಆ ಫೋಲ್ಡರಿಗೆ."

ಕಲಿ. ಅದೇ ನಾಲ್ಕು ಅಕ್ಷರ.

ಆ ಉದ್ದ ಮೌನಗಳಲ್ಲಿ ಅವಳ ಕಿವಿಯೊಳಗೆ ಓದುತ್ತಿದ್ದವಳು ನಾನು. ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಡಾಕ್ಟರು ಹೇಳಿದ್ದಾರಲ್ಲ ಎಂದು ಒಳಗೇ ಒಂದು ನೆಪ ಎದ್ದಿತು. ನಾಚಿಕೆಗೆಟ್ಟ ಜನ್ಮ.

ಮಾರ್ಚ್ 28, ಶುಕ್ರವಾರ

ರಿಪೇರಿಯವರು ಬಂದು ಎರಡು ತಾಸು ತಿಣುಕಿದರು. ಅಳಿಸಿದ ತಕ್ಷಣ ಕರೆದಿದ್ದರೆ ತೆಗೆಯಬಹುದಿತ್ತಂತೆ. ಈಗ ಆ ಜಾಗದ ಮೇಲೆ ಬೇರೆಯದು ಬರೆದಾಗಿದೆ. ಸಿಕ್ಕಿದ್ದು ನಾಲ್ಕು ಫೈಲು, ನಾಲ್ಕರಲ್ಲೂ ಬರೀ ಕರಕರ ಸದ್ದು. ಹಿಂದಿನ ಕಾಲದಲ್ಲಿ ಸಿಡಿ ಮಾಡಿಡುತ್ತಿದ್ದರು, ಅದನ್ನು ನಿಲ್ಲಿಸಿ ಎಷ್ಟೋ ವರ್ಷ. ಕೇಳುಗರ ಹತ್ತಿರ ಉಳಿದಿದ್ದ ಒಂದೇ ಒಂದು ಕಾರ್ಡನ್ನು ಹಟ ಹಿಡಿದು ತರಿಸಿ ಅಳಿಸಿದವಳೂ ನಾನೇ.

ಸಂಜೆ ಮೇಡಂ ಜೇನಿಗೆ ಎಲ್ಲರೆದುರು ಬೈದರು. ನನ್ನ ಕಡೆ ಎಲ್ಲರ ಅಯ್ಯೋ ಪಾಪ. ಅದು ಹೇಗೋ ತಡೆದುಕೊಂಡೆ. ಆಮೇಲೆ ಮೇಡಂ ಅಂದದ್ದು: "ಇನ್ನು ಮೇಲೆ ಇಟ್ಟಿಗೆ ಅಂದ್ರೆ ಎಲ್ರಿಗೂ ನಿನ್ನ ಹೆಸರೇ ನೆನಪಾಗೋದು, ತಿಳ್ಕೋ!"

ಅಷ್ಟೇ ಸಾಕಾಯಿತು. ನನ್ನ ಪುಸ್ತಕ, ಹದಿನಾಲ್ಕು ತಿಂಗಳು ನಾನು ಓದಿದ್ದು, ನನ್ನ ಕೈಯಾರೆ ಕಳೆದದ್ದು, ಆ ಕಳೆದ ಹೆಸರೂ ಅವಳಿಗೇ ಬರಬೇಕೇ? "ಅಳಿಸಿದ್ದು ನಾನು" ಎಂದೆ. ಯಾರಿಗೂ ಅರ್ಥವಾಗಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಹೇಳಬೇಕಾಯಿತು. "ಹದಿಮೂರನೇ ತಾರೀಕು, ಊಟದ ಹೊತ್ತಲ್ಲಿ. ಅವಳದ್ದು ಅಂತ ಗೊತ್ತಿದ್ದೇ ಅಳಿಸಿದೆ. ಒಳಗೆ ನನ್ನದೂ ಇದೆ ಅಂತ ಗೊತ್ತಿರ್ಲಿಲ್ಲ."

ಜೇನು ನನ್ನನ್ನೇ ನೋಡಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು!

"ನನ್ನದು ಹೋದ್ರೆ ಹೋಯ್ತು ಅಕ್ಕಾ, ಅದು ಬರೀ ತಪ್ಪೇ. ನಿಮ್ಮ ಆವಾಗಿನ ಧ್ವನಿ ಇನ್ನೆಲ್ಲಿಂದ ತರೋದು?" ಎಂದು ಚೀಲ ತೆಗೆದುಕೊಂಡು ಹೊರಟುಹೋದಳು.

ಮಾರ್ಚ್ 29, ಶನಿವಾರ

ಇವರಿಗೆ ಎಲ್ಲ ಹೇಳಿದೆ. ಹಾಸ್ಯ ಮಾಡಲಿಲ್ಲ. ಟೀ ಮಾಡಿಕೊಟ್ಟರು.

ಏಪ್ರಿಲ್ 4, ಶುಕ್ರವಾರ

ಅವಳು ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ. ನ್ಯಾಯವೇ. ಇವತ್ತು ಬಂದು ಪಕ್ಕದಲ್ಲಿ ನಿಂತು, ಮುಖ ನೋಡದೆ ಹೇಳಿದಳು: "ಮೇಷ್ಟ್ರಿಗೆ ಇಟ್ಟಿಗೆ ಬೇಕಂತೆ. ಯಾರಾದ್ರೂ ಓದ್ಲೇಬೇಕು. ನೀವು ಹೊರಗೆ ಕೂತು ಕೇಳಿ ತಿದ್ದಿದ್ರೆ ನಾನು ಓದ್ತೀನಿ. ಇಲ್ಲಾಂದ್ರೆ ಇಲ್ಲ."

ಇದಕ್ಕಿಂತ ನನ್ನ ಕೆನ್ನೆಗೆ ಎರಡು ಬಿಟ್ಟಿದ್ದರೆ ಸುಲಭವಾಗುತ್ತಿತ್ತು. ನನ್ನ ಪುಸ್ತಕ ಅವಳ ಬಾಯಲ್ಲಿ, ಅದೂ ನನ್ನ ಕಣ್ಣೆದುರಿಗೆ!

ಸೋಮವಾರದಿಂದ ಎಂದೆ.

ಏಪ್ರಿಲ್ 9, ಬುಧವಾರ

ಇವತ್ತಿನ ತಪ್ಪು: ಹದಿನೆಂಟು. ಹುಟ್ಟು ಹಾಕಿದ ಎನ್ನುವ ಕಡೆ ಉಟ್ಟು ಹಾಕಿದ. ದೋಣಿಯವನು ಬಟ್ಟೆ ಉಟ್ಟನೋ, ಹುಟ್ಟು ಹಾಕಿದನೋ? ಕೋಣೆಯೊಳಗೆ ಮಾತು ಕೇಳಿಸುವ ಗುಂಡಿ ಒತ್ತಿ ನಿಲ್ಲಿಸಿದೆ. "ಎದೆಯಿಂದ ಗಾಳಿ ಬರ್ಲಿ, ಕನ್ನಡಿ ಮೇಲೆ ಹಾ ಅಂತ ಉಸಿರು ಬಿಡೋ ಥರ." ಗಾಜಿನ ಮೇಲೆ ಹಾ ಎಂದು ಉಸಿರು ಬಿಟ್ಟು ತೋರಿಸಿದೆ. ಅವಳೂ ಆ ಕಡೆಯಿಂದ ಬಿಟ್ಟಳು. ಮಧ್ಯೆ ಗಾಜು ಮಬ್ಬಾಗಿ ಸ್ವಲ್ಪ ಹೊತ್ತು ಇಬ್ಬರಿಗೂ ಏನೂ ಕಾಣಲಿಲ್ಲ.

ಧ್ವನಿ ಚೆನ್ನಾಗಿದೆ ಹಾಳಾದವಳದು. ಅದನ್ನು ಅವಳಿಗೆ ಹೇಳುವ ಅಗತ್ಯವಿಲ್ಲ.

ಏಪ್ರಿಲ್ 29, ಮಂಗಳವಾರ

ಆರು ತಪ್ಪು. ಒಂದನ್ನು ನಾನು ಬೇಕೆಂದೇ ಸೇರಿಸಿದೆ, ಐದಕ್ಕೆ ಇಳಿದರೆ ತಲೆ ತಿರುಗೀತು ಅವಳಿಗೆ.

ನಿನ್ನೆಯಿಂದ ಫ್ಲಾಸ್ಕಿನಲ್ಲಿ ಎರಡು ಲೋಟ ಹೆಚ್ಚಿಗೆ ಬಿಸಿನೀರು ಒಯ್ಯುತ್ತಿದ್ದೇನೆ. ಅವಳು ತಣ್ಣೀರು ಕುಡಿದು ಓದಿದರೆ ಕೆಮ್ಮುತ್ತಾಳೆ, ಆಮೇಲೆ ಹಸಿ ಜಾಸ್ತಿಯಾಗಿ ಡಿಸ್ಕ್ ತುಂಬುತ್ತದೆ. ಜಾಗದ ಜವಾಬ್ದಾರಿ ನನ್ನದಲ್ಲವೇ.

ಮೇ 22, ಗುರುವಾರ

ಇಪ್ಪತ್ತಾರನೇ ಅಧ್ಯಾಯ, ಅಣ್ಣ ತಮ್ಮ ದೋಣಿ ಪಾಲು ಮಾಡಿಕೊಳ್ಳುವುದು. ತಪ್ಪಿನ ಪಟ್ಟಿ ಬರೆಯಲಾಗಲಿಲ್ಲ, ಪೆನ್ನು ಎಲ್ಲೋ ಬಿದ್ದುಹೋಗಿತ್ತು. ಅಧ್ಯಾಯ ಮುಗಿದಾಗ ನೋಡಿದರೆ ಕೈಯಲ್ಲೇ ಇದೆ. ಕಣ್ಣಲ್ಲಿ ನೀರು ಬೇರೆ. ಆ ಕೋಣೆಯ ಧೂಳು ಯಾರೂ ಹೊಡೆಯುವುದೇ ಇಲ್ಲ.

ನಾನು ಓದಿದಾಗ ತಮ್ಮನಿಗೆ ಸಿಟ್ಟು ತುಂಬಿದ್ದೆ. ಇವಳು ಅವನನ್ನು ಮೆಲ್ಲಗೆ ಮಾತಾಡಿಸಿದಳು. ಅದೇ ಸರಿ ಅನ್ನಿಸಿತು. ಅನ್ನಿಸಿದ್ದಕ್ಕೆ ಮತ್ತೆ ಉರಿಯಿತು.

ಜೂನ್ 5, ಗುರುವಾರ

ಮೇಷ್ಟ್ರಿಗೆ ಮೊದಲ ಹತ್ತು ಅಧ್ಯಾಯ ಹಾಕಿ ಕಳಿಸಿದ್ದೆವು. ಇವತ್ತು ಫೋನು. "ತಾಯೀ, ಗಂಟಲು ವಾಸಿಯಾಯ್ತಲ್ಲ! ತುಂಬ ಸಂತೋಷ. ಧ್ವನಿ ಇನ್ನೂ ಎಳೆಯದಾಗಿದೆ ನಿಮ್ಮದು!"

ವರ್ಷಾನುಗಟ್ಟಲೆ ನನ್ನನ್ನೇ ಕೇಳಿದ ಕಿವಿ ಅದು! ಅದು ನಾನಲ್ಲ ಮೇಷ್ಟ್ರೇ, ಜೇನು ಎಂದೆ. "ಹೌದಾ? ಹಾಗಾದ್ರೆ ಹೇಳಿಕೊಟ್ಟೋರು ನೀವೇ ಇರ್ಬೇಕು" ಎಂದರು. ಯಾವ ಮಾತಿಗೆ ಸಿಟ್ಟು ಮಾಡಿಕೊಳ್ಳಬೇಕೆಂದು ತಿಳಿಯದೆ ಫೋನ್ ಇಟ್ಟೆ.

ಜೇನಿಗೆ ಹೇಳಿದೆ. ಕುಣಿದಾಡಿದಳು. ಸಾಕು ಸಾಕು, ಮೂವತ್ತನೇ ಅಧ್ಯಾಯ ತೆಗಿ ಎಂದೆ.

ಜೂನ್ 20, ಶುಕ್ರವಾರ

ಮೂವತ್ತೆಂಟನೆಯದು ಮುಗಿಯಿತು. ತಪ್ಪು ಒಂದೂ ಇರಲಿಲ್ಲ, ಕೊನೆಯ ಸಾಲಿನವರೆಗೆ.

"ಇಲ್ಲಿಗೆ ಈ ಪುಸ್ತಕ ಮುಗಿಯಿತು. ಓದಿದವರು" ಎಂದು ನಿಲ್ಲಿಸಿ, ಸ್ವರ ಒಂದಿಷ್ಟು ಇಳಿಸಿ, ನನ್ನ ಹೆಸರು ಹೇಳಿದಳು.

ಹೇಳಿ, ಹೆಡ್‌ಫೋನ್ ತೆಗೆದು, ಆರಾಮಾಗಿ ನೀರು ಕುಡಿದಳು. ಅವಳಿಗೆ ಗೊತ್ತೇ ಆಗಿಲ್ಲ. ನನಗೆ ಗುಂಡಿ ಒತ್ತಲು ಸ್ವಲ್ಪ ಹೊತ್ತು ಬೇಕಾಯಿತು.

"ಏನಂದೆ ನೀನು ಈಗ?"

"ಯಾಕಕ್ಕಾ? ಹಕಾರ ಬಿಟ್ನಾ?"

"ಹೆಸರು."

ಯೋಚಿಸಿದಳು. ಬಾಯಿಗೆ ಕೈ ಹೋಯಿತು. "ಅಯ್ಯಯ್ಯೋ! ಎಂಟು ತಿಂಗಳು ನಿಮ್ಮ ಹಿಂದೆ ಹೇಳ್ಕೊಂಡು ಹೇಳ್ಕೊಂಡು ಆ ಸಾಲು ಹಾಗೇ ಬಾಯಲ್ಲಿ ಕೂತುಬಿಟ್ಟಿದೆ ಅಕ್ಕಾ!"

"ತಪ್ಪು. ಇನ್ನೊಂದು ಸಲ. ನಿನ್ನ ಹೆಸರು."

ಎರಡನೇ ಸಲ ನಗು ಬಂದು ಕೆಟ್ಟಿತು. ಮೂರನೇ ಸಲ ಸರಿಯಾಗಿ ಬಂತು. ಹೆಸರಿಗೆ ಸ್ವರ ಇಳಿಸಿದ್ದು ಮಾತ್ರ ನನ್ನ ಥರವೇ. ಅದನ್ನು ತಿದ್ದಲು ಹೋಗಲಿಲ್ಲ.

ಅವಳು ಮನೆಗೆ ಹೋದಮೇಲೆ ಇವತ್ತಿನ ಹಸಿ ಅಳಿಸಲು ಕೂತೆ. ಒಂದೊಂದನ್ನೂ ತೆರೆದು ಕೇಳಿ ಅಳಿಸಿದೆ, ಈಗ ಹಾಗೇ ಮಾಡುವುದು. ಉಳಿದದ್ದು ಅದೊಂದೇ, ನನ್ನ ಹೆಸರಿನದು. ಹತ್ತು ಸೆಕೆಂಡು, ಒಂಬೈನೂರು ಕೆಬಿ. ನಿಯಮದ ಪ್ರಕಾರ ಹೋಗಬೇಕು.

ಅವಳ ಹಳದಿ ಚೌಕದೊಳಗೆ ಹೊಸದೊಂದು ಫೋಲ್ಡರ್ ಮಾಡಿ ನಾಲ್ಕು ಅಕ್ಷರ ಒತ್ತಿದೆ, kali ಎಂದು. ಆ ತಪ್ಪನ್ನು ಎಳೆದು ಹಾಕಲಿಲ್ಲ, ಕಾಪಿ ಮಾಡಿಯೇ ಹಾಕಿದೆ. ಎರಡು ಸಲ ತೆರೆದು ಕೇಳಿದೆ.

ಇದೆ.